ಅಕ್ಕ ಆಪರೇಷನ್ನಿಗೆ ಹೂಂ ಅಂದ ವರ್ಷ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ರೈಲು ಮುಷ್ಕರವಾದ ವರ್ಷವೋ ಅದರ ಹಿಂದಿನದೋ ಎಂಬುದೇ ನನಗೆ ಖಾತ್ರಿಯಿಲ್ಲ. ಸರ್ಜನ್ನರ ಮೇಜಿನ ಮೇಲೆ ಹಿತ್ತಾಳೆಯ ಆನೆಯೊಂದಿತ್ತು ಎಂದು ನನ್ನ ನೆನಪು. ಆನೆಯಲ್ಲ, ಗಡಿಯಾರ ಎಂದು ಅಕ್ಕನ ವಾದ. ಆಗಲೇ ನನಗೆ ದಿನಚರಿ ಬರೆಯುವ ಚಟವಿತ್ತು. ಆ ವರ್ಷದ್ದನ್ನು ತೆಗೆದು ನೋಡಿದರೆ ಮಳೆ, ತಡವಾದ ಲೋಕಲ್ ರೈಲುಗಳು, ಓದಿದ ಪುಸ್ತಕಗಳ ಬಗ್ಗೆ ನನ್ನ ದೊಡ್ಡ ದೊಡ್ಡ ಅಭಿಪ್ರಾಯಗಳು ಇವೆಯೇ ಹೊರತು, ದಿನಾ ಕಣ್ಣೆದುರಿಗಿದ್ದ ಅಕ್ಕನ ಬಗ್ಗೆ ಒಂದು ಸಾಲೂ ಇಲ್ಲ. ಹೀಗಾಗಿ ಇಲ್ಲಿ ಬರೆಯುವುದಕ್ಕೆಲ್ಲ ನೆನಪೊಂದೇ ಆಧಾರ. ಅದನ್ನು ನಾನು ಪೂರ್ತಿ ನಂಬುವವಳಲ್ಲ.

ಹೋದ ತಿಂಗಳು ಮುಲುಂಡಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಚಪ್ಪಲಿ ಬಿಡುವಾಗಲೇ ಆ ವಾಸನೆ ಬಂತು. ಉಪ್ಪಿಲ್ಲದೆ, ಒಗ್ಗರಣೆಯಿಲ್ಲದೆ, ಬರೀ ನಾಲ್ಕು ಮೆಣಸಿನ ಕಾಳು ಹಾಕಿ ಬೇಯಿಸಿದ ಸೋರೆಕಾಯಿಯ ವಾಸನೆ. ಮುಂಬಯಿಯಲ್ಲಿ ನಾವು ಅದಕ್ಕೆ ದೂಧಿ ಎನ್ನುತ್ತೇವೆ. ಒದ್ದೆ ಗೋಣಿಚೀಲವನ್ನು ಬಿಸಿಲಿಗೆ ಹಾಕಿದಂಥ ಆ ವಾಸನೆಯನ್ನು ಒಂದು ಮಳೆಗಾಲ ಪೂರ್ತಿ ಕುಡಿದವಳು ನಾನು. ಒಲೆಯ ಮುಂದೆ ಅಕ್ಕನ ಮೊಮ್ಮಗಳು ನೇಹಾ ನಿಂತಿದ್ದಳು.

"ಲಲ್ಲಿ ಅಜ್ಜಿ, ಡಯಟ್ ಮಾಡಿದೆ, ಜಿಮ್ ಮಾಡಿದೆ, ಕುಛ್ ನಹೀ ಹುವಾ" ಎಂದಳು. "ಈಗ ಡಾಕ್ಟರ್ ಸರ್ಜರಿ ಹೇಳ್ತಾರೆ. ಅಜ್ಜೀದೂ ಆಗೋದು ಇತ್ತಂತೆ ನಾ? ಮಮ್ಮಿ ಬೋಲ್ ರಹೀ ಥೀ."

ಒಳಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದ ಅಕ್ಕ, ಕೇಳಿಸಿದರೂ ಕೇಳಿಸದವಳ ಹಾಗೆ ಹೂಬತ್ತಿ ಹೊಸೆಯುತ್ತಿದ್ದಳು.

ಮೈಸೂರಿನಲ್ಲಿ ಎಂ.ಎ. ಮುಗಿಸಿ ನಾನು ಮುಂಬಯಿಗೆ ಬಂದಾಗ ಅಕ್ಕ, ಭಾವ ಭಾಂಡುಪ್‌ನ ಒಂದು ಚಾಳಿನಲ್ಲಿದ್ದರು. ಎರಡು ಕೋಣೆ, ಮುಂದೆ ಉದ್ದಕ್ಕೂ ಎಲ್ಲ ಮನೆಗಳಿಗೂ ಸೇರಿದ ಗ್ಯಾಲರಿ, ಗ್ಯಾಲರಿಯ ಕೊನೆಯಲ್ಲಿ ಎಲ್ಲರಿಗೂ ಸೇರಿದ ಸಂಡಾಸುಗಳು. ಭಾವ ಅಲ್ಲೇ ಹತ್ತಿರದ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಮಧ್ಯಾಹ್ನದ ಭೋಂಗಾ, ಅಂದರೆ ಕಾರ್ಖಾನೆಯ ಸೈರನ್, ಕೂಗಿದರೆ ಊಟಕ್ಕೆ ಮನೆಗೇ ಬರುತ್ತಿದ್ದರು. ಅಕ್ಕ ದಾದರಿನ ಕಡೆ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ನನಗೆ ಅಂಧೇರಿಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು. ನಾನು ಅಕ್ಕನ ಐದು ವರ್ಷದ ಮಗಳು ಉಷಾ ಜೊತೆ ಅಡುಗೆ ಕೋಣೆಯಲ್ಲಿ ಮಲಗುತ್ತಿದ್ದೆ. ಈ ನೇಹಾ ಆ ಉಷಾಳ ಮಗಳು.

ಅಕ್ಕ ದಪ್ಪ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ಅವಳೂ ಹಾಗೆ ಹೇಳುತ್ತಿರಲಿಲ್ಲ. ಮದುವೆಗೆ ಮುಂಚೆಯೂ ದಪ್ಪವೇ, ಉಷಾ ಹುಟ್ಟಿದ ಮೇಲೆ ಇನ್ನೂ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವಳಿಗೆ ಜಾಗ ಕೊಡುವುದು ಮುಂಬಯಿಯ ಪದ್ಧತಿ. "ಜರಾ ಸರಕೋ" ಎಂದರೆ ಸಾಕು, ಮೂವರೂ ಒತ್ತರಿಸಿಕೊಂಡು ಒಂದಿಷ್ಟು ಅಂಚು ಬಿಡುತ್ತಾರೆ. ಅಕ್ಕ ಆ ಮಾತನ್ನು ಎಂದೂ ಆಡುತ್ತಿರಲಿಲ್ಲ. ಪಾದ ಊದಿಕೊಂಡಿದ್ದರೂ ದಾದರ್‌ವರೆಗೆ ನಿಂತೇ ಹೋಗುತ್ತಿದ್ದಳು. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ನಾಲ್ಕನೇ ಸೀಟು ಇರೋದು ನಾಲ್ಕನೆಯವಳಿಗೆ ಕಣೇ. ನಾನು ಕೂತ್ರೆ ನಾಲ್ಕನೆಯವಳೂ ನಾನೇ, ಐದನೆಯವಳೂ ನಾನೇ" ಎಂದು ನಕ್ಕಿದ್ದಳು.

ನಗದೇ ಇದ್ದ ವಿಷಯ ಬೇರೆ ಇತ್ತು. ನಮ್ಮ ಅಮ್ಮನೂ ಹೀಗೇ ಇದ್ದಳು. ನಲವತ್ತು ಮುಟ್ಟಿರಲಿಲ್ಲ, ಒಂದು ಬೆಳಿಗ್ಗೆ ತರಕಾರಿ ತಂದವಳು ಜಗಲಿಯ ಮೇಲೆ ಕೂತು, ನೀರು ಕೊಡೇ ಎಂದಳು. ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ನೀರು ತಂದದ್ದು ಅಕ್ಕ. (ನಾನೇ ತಂದೆನೆಂದು ಬಹಳ ವರ್ಷ ನಂಬಿದ್ದೆ. ಅಕ್ಕ ತಿದ್ದಿದಳು. ಆಗ ನಾನು ಸ್ಕೂಲಿನಲ್ಲಿದ್ದೆನಂತೆ.) ನಾನು ಹೇಳುತ್ತಿರುವ ವರ್ಷದ ಶುರುವಿನಲ್ಲಿ, ಶಾಲೆಯ ಮೂರನೇ ಮಹಡಿಯ ಮೆಟ್ಟಿಲು ಹತ್ತುವಾಗ ಅಕ್ಕ ಉಸಿರು ಸಿಗದೆ ಅರ್ಧದಲ್ಲೇ ಕೂತುಬಿಟ್ಟಳು. ಮಕ್ಕಳು ಸುತ್ತ ನಿಂತು ನೋಡಿದವಂತೆ. ಅಂದು ಮನೆಗೆ ಬಂದು ಉಷಾಳ ಜಡೆ ಹೆಣೆಯುತ್ತಾ, ನನ್ನ ಮುಖ ನೋಡದೆ ಹೇಳಿದಳು: "ಅಮ್ಮನ ವಯಸ್ಸು ಮುಟ್ಟೋಕೆ ನಂಗೆ ಬಹಳ ದಿನ ಉಳಿದಿಲ್ಲ ಲಲ್ಲಿ. ಇವಳಿಗೆ ಆಗ ಎಷ್ಟಾಗಿರುತ್ತೆ ಅಂತ ಲೆಕ್ಕ ಹಾಕ್ತಾ ಇದ್ದೆ."

ನಮ್ಮ ಡಾಕ್ಟರು ಗುಜರಾತಿ, ಚಾಳಿನ ಎದುರೇ ಅವರ ದವಾಖಾನೆ. ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿದೆ, ತೂಕ ಇಳಿಯಲೇಬೇಕು, ಊಟ ಕಡಿಮೆ ಮಾಡಿ ಎಂದರು. ಅಕ್ಕ ಅಂದಿನಿಂದಲೇ ಒಪ್ಪತ್ತು ಹಿಡಿದಳು. ನಮ್ಮ ಮನೆಗಳಲ್ಲಿ ಏಕಾದಶಿಗೋ ಶನಿವಾರಕ್ಕೋ ಮಾಡುವ ಒಪ್ಪತ್ತನ್ನು ದಿನವೂ ಮಾಡಿದಳು. ಮಧ್ಯಾಹ್ನ ಒಂದು ಹೊತ್ತು ಊಟ, ರಾತ್ರಿ ಅನ್ನ ಮುಟ್ಟುವಂತಿಲ್ಲ. ತಿಂಗಳುಗಳು ಕಳೆದರೂ ತೂಕ ಕದಲಲಿಲ್ಲ. ಡಾಕ್ಟರು ಆಶ್ಚರ್ಯಪಟ್ಟರು. ದಿನಕ್ಕೆ ಎಷ್ಟು ಸಲ ಊಟ ಮಾಡುತ್ತೀರಿ ಎಂದು ಮತ್ತೆ ಮತ್ತೆ ಕೇಳಿದರು. "ಏಕ್ ಬಾರ್" ಎಂದು ಅಕ್ಕ ದೇವರ ಸಾಕ್ಷಿಯಾಗಿ ಹೇಳಿದಳು. ಪಕ್ಕದಲ್ಲಿದ್ದ ನಾನೂ ಹೌದೆಂದು ತಲೆಯಾಡಿಸಿದೆ. ಹೀಗಿದ್ದರೆ ನನ್ನ ಕೈಲಾಗದು ಎಂದು ಅವರು ಪೇಟೆಯ ದೊಡ್ಡ ಆಸ್ಪತ್ರೆಯ ಸರ್ಜನ್ ಒಬ್ಬರ ಬಳಿಗೆ ಕಳಿಸಿದರು. ಅವರು ಪರದೇಶದಲ್ಲಿದ್ದು ಬಂದವರು, ದಪ್ಪಗಿರುವವರಿಗೆ ಹೊಸದೊಂದು ಆಪರೇಷನ್ ಮಾಡುತ್ತಾರೆ ಎಂದರು.

ಮಳೆ ಶುರುವಾದ ವಾರ ನಾವಿಬ್ಬರೂ ಅಲ್ಲಿಗೆ ಹೋದೆವು. ಸರ್ಜನ್ ನರೆತ ಕೂದಲಿನ, ಮೆತ್ತಗೆ ಮಾತಾಡುವ ಮನುಷ್ಯ. ಆನೆಯೋ ಗಡಿಯಾರವೋ ಇದ್ದ ಆ ಮೇಜಿನ ಆಚೆ ಕೂತು ಎಲ್ಲ ಕೇಳಿಕೊಂಡರು.

"ದಿನಕ್ಕೆ ಒಂದೇ ಊಟ. ರಾತ್ರಿ ಏನೂ ಇಲ್ಲ. ಸರಿಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಏನೂ ಇಲ್ಲ ಡಾಕ್ಟರ್" ಎಂದಳು ಅಕ್ಕ. "ಬರೀ ತಿಂಡಿ."

"ತಿಂಡಿ ಎಂದರೆ?"

"ತಿಂಡಿ ಅಂದ್ರೆ ಉಪ್ಪಿಟ್ಟು, ಅವಲಕ್ಕಿ, ಹೀಗೆ. ಶನಿವಾರ ದೋಸೆ."

"ಬೆಳಿಗ್ಗೆ?"

"ಬೆಳಿಗ್ಗೇನೂ ತಿಂಡಿಯೇ. ಊಟ ಅಲ್ಲ."

ಅವರು ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ನೋಡಿದರು. ನಗು ತಡೆಯುತ್ತಿದ್ದರು ಎಂದು ಗೊತ್ತಾಗುತ್ತಿತ್ತು. ನಾನು ಎಂ.ಎ. ಓದಿದವಳು, ನನಗೂ ಆ ಕ್ಷಣದವರೆಗೆ ಇದು ಹೊಳೆದಿರಲಿಲ್ಲ. ಅನ್ನ ಸಾರು ಕಲಸಿ ತಿಂದರೆ ಊಟ. ಮಿಕ್ಕಿದ್ದು ಎಷ್ಟು ತಿಂದರೂ ಊಟವಲ್ಲ. ಮಡಿಯ ಲೆಕ್ಕದಲ್ಲಿ ಅಕ್ಕ ಹೇಳಿದ್ದು ಅಪ್ಪಟ ಸತ್ಯ. ಹೊಟ್ಟೆಗೆ ಆ ಲೆಕ್ಕ ಗೊತ್ತಿರಲಿಲ್ಲ.

"ಆಪರೇಷನ್ ವಿಷಯ ಆಮೇಲೆ" ಎಂದರು ಸರ್ಜನ್. "ಮೊದಲು ಈ ಮಳೆಗಾಲ ಪೂರ್ತಿ ನಾನು ಹೇಳಿದ ಹಾಗೆ ತಿನ್ನಿ. ನಡೆಯಿರಿ. ಅದರಲ್ಲೇ ಇಳಿದರೆ ನನ್ನ ಹತ್ತಿರ ಬರುವುದೇ ಬೇಡ."

ಹಾಗೆ ಮನೆಗೆ ದೂಧಿ ಬಂತು. ಬೇಯಿಸಿದ ದೂಧಿ, ಎಣ್ಣೆಯಿಲ್ಲದ ಚಪಾತಿ, ಕೆನೆ ತೆಗೆದ ಮಜ್ಜಿಗೆ. ಅಕ್ಕ ಒಬ್ಬಳೇ ತಿಂದರೆ ಅವಳಿಗೆ ಬೇಸರವಾಗುತ್ತದೆಂದು ಭಾವನೂ ನಾನೂ ರಾತ್ರಿ ಅದನ್ನೇ ತಿಂದೆವು. ಭಾವ ಮೊದಲ ದಿನ ತಟ್ಟೆಯನ್ನು ಬಹಳ ಹೊತ್ತು ನೋಡಿ, "ಇದು ಬೆಂದಿದೆಯಾ, ಇಲ್ಲಾ ಇನ್ನೂ ಸ್ನಾನ ಮಾಡ್ತಾ ಇದೆಯಾ?" ಎಂದು ಕೇಳಿದರು. ಆದರೂ ತಿಂದರು.

ನಡೆಯುವುದಕ್ಕೆ ಮಳೆ ಬಿಡುತ್ತಿರಲಿಲ್ಲ. ಭಾಂಡುಪ್‌ನ ರಸ್ತೆಗಳಲ್ಲಿ ಮೊಣಕಾಲುದ್ದ ಕೆಂಪು ನೀರು. ಅಕ್ಕ ಶಾಲೆಯಿಂದ ಬಂದು ಗ್ಯಾಲರಿಯಲ್ಲೇ ಈ ಕೊನೆಯಿಂದ ಆ ಕೊನೆಗೆ ನಡೆಯತೊಡಗಿದಳು. ಒಗೆದು ಹರವಿದ ಬಟ್ಟೆಗಳ ಅಡಿ ಬಗ್ಗಿ, ಕಲ್ಲಿದ್ದಲ ಶೆಗಡಿ ಒಲೆಗಳನ್ನು ದಾಟಿ, ಹಿಂದೆ ಉಷಾ ಮತ್ತು ಚಾಳಿನ ಅರ್ಧ ಮಕ್ಕಳ ಮೆರವಣಿಗೆ. ಪಕ್ಕದ ಮನೆಯ ಗಂಗವ್ವ ವಿಜಾಪುರದ ಕಡೆಯವಳು, ಗಂಡ ಕಟ್ಟಡದ ಕೆಲಸದವನು. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಾ ಅವಳು ಪ್ರತಿ ಸುತ್ತಿಗೂ ಒಂದು ಮಾತು ಎಸೆಯುತ್ತಿದ್ದಳು.

"ಏನ್ರೀ ಟೀಚರ, ಹಿಂಗ ಅಡ್ಡಾಡಿದ್ರ ಗ್ಯಾಲರಿ ಸವದ ಹೋಗ್ತೈತ್ರಿ. ಮಾಲಕಗ ಯಾರ ಜವಾಬ ಕೊಡಬೇಕು?"

"ನೀವೂ ಬನ್ನಿ ಗಂಗವ್ವ, ಇಬ್ಬರೂ ಸೇರಿ ಸವೆಸೋಣ."

"ನಾ ಯಾಕ ಬರ್ಲಿ? ನಾ ಸವದೇ ಹುಟ್ಟೀನಿ."

ತೂಕ ನೋಡುವುದು ದಾದರ್ ಸ್ಟೇಷನ್ನಿನ ಯಂತ್ರದಲ್ಲಿ. ಕಾಸು ಹಾಕಿದರೆ ಬಣ್ಣದ ದೀಪಗಳು ತಿರುಗಿ, ಕಟ್ ಎಂದು ಸಣ್ಣ ರಟ್ಟಿನ ಟಿಕೀಟು ಬೀಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಸುತ್ತ ಜನ ಇಲ್ಲದ ಹೊತ್ತು ನೋಡಿ ಅಕ್ಕ ಹತ್ತುತ್ತಿದ್ದಳು. ಮೊದಮೊದಲು ತೂಕ ಇಳಿಯಿತು, ನಮಗೆಲ್ಲ ಹಬ್ಬ. ಆಮೇಲೆ ನಿಂತಿತು. ದೂಧಿ ಅದೇ, ಚಪಾತಿ ಅದೇ, ಗ್ಯಾಲರಿ ಅದೇ. ಶ್ರಾವಣ ಕಳೆಯುವಷ್ಟರಲ್ಲಿ ಟಿಕೀಟಿನ ಅಂಕಿ ಮತ್ತೆ ನಿಧಾನವಾಗಿ ಮೇಲೇರಿತು. ಅವಳು ಕದ್ದು ತಿನ್ನಲಿಲ್ಲ. ಇದನ್ನು ಮಾತ್ರ ನಾನು ಯಾವ ಅನುಮಾನವೂ ಇಲ್ಲದೆ ಬರೆಯಬಲ್ಲೆ. ಒಂದು ಸಂಜೆ ಟಿಕೀಟಿನ ಹಿಂಬದಿ ಓದಿ, "ನೀವು ಬೇರೆಯವರ ಮೇಲೆ ಭಾರ ಹಾಕುವವರಲ್ಲ ಅಂತೆ" ಎಂದು ನನ್ನ ಕೈಗೆ ಕೊಟ್ಟಳು. ಇಬ್ಬರೂ ನಕ್ಕೆವು. ರೈಲಿನಲ್ಲಿ ಅವಳು ಬಾಗಿಲ ಕಡೆ ತಿರುಗಿ ನಿಂತು ಕಣ್ಣೊರೆಸಿಕೊಂಡಳು.

ಗಣಪತಿ ಹಬ್ಬ ಮುಗಿದ ಮೇಲೆ ಸರ್ಜನ್ ಮತ್ತೆ ನೋಡಿದರು. ಈ ಸಲ ಅವರು ನಗಲಿಲ್ಲ. ಕೆಲವರ ದೇಹ ಹೀಗೆಯೇ, ನಿಮ್ಮ ತಪ್ಪಲ್ಲ ಎಂದರು. ಆ ಮಾತನ್ನು ಅಕ್ಕನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ, ನಾನೂ ಸೇರಿದಂತೆ. ಆಮೇಲೆ ಕಾಗದದ ಮೇಲೆ ಸುರುಳಿ ಸುರುಳಿಯಾಗಿ ಕರುಳಿನ ಚಿತ್ರ ಬರೆದರು. ಮೇಲಿನ ತುದಿಯನ್ನು ಕೆಳಗಿನ ತುದಿಯ ಹತ್ತಿರಕ್ಕೆ ಎಳೆದು ಜೋಡಿಸುವುದು. ನಡುವಿನ ಉದ್ದವನ್ನು ಕೀಳುವುದಿಲ್ಲ, ಸುಮ್ಮನೆ ಪಕ್ಕಕ್ಕೆ ಬಿಡುವುದು. ತಿಂದದ್ದು ಮೈಗೆ ಹತ್ತುವ ಮೊದಲೇ ದಾಟಿಹೋಗುತ್ತದೆ.

"ನೀವು ಲೋಕಲ್‌ನಲ್ಲಿ ಬರುತ್ತೀರಲ್ಲ? ಇದು ಫಾಸ್ಟ್ ಟ್ರೇನ್. ನಡುವಿನ ಸ್ಟೇಷನ್ನುಗಳಲ್ಲಿ ನಿಲ್ಲುವುದಿಲ್ಲ."

"ಭಾಂಡುಪ್‌ನಲ್ಲಿ ನಿಲ್ಲಲ್ಲ ಅನ್ನಿ" ಎಂದಳು ಅಕ್ಕ.

ಅಪಾಯಗಳನ್ನೂ ಮುಚ್ಚಿಡದೆ ಹೇಳಿದರು. ಭೇದಿ ಇರುತ್ತದೆ, ಕೆಲವರಿಗೆ ಜನ್ಮಪೂರ್ತಿ. ಲಿವರನ್ನು ಕಣ್ಣಿಟ್ಟು ಕಾಯಬೇಕು. ಮಾತ್ರೆಗಳು, ರಕ್ತಪರೀಕ್ಷೆಗಳು. ಆದರೆ ತೂಕ ಇಳಿಯುತ್ತದೆ, ಸಕ್ಕರೆಯೂ ಇಳಿಯಬಹುದು. ಆಪರೇಷನ್ ಮಾಡಿಸಿಕೊಂಡ ಒಬ್ಬರು ಮುಲುಂಡಿನಲ್ಲಿದ್ದಾರೆ, ಅವರೇ ಬೇರೆಯವರಿಗೆ ಹೇಳಲು ಒಪ್ಪಿದ್ದಾರೆ, ಮೊದಲು ಹೋಗಿ ಮಾತಾಡಿ, ಆಮೇಲೆ ನಿರ್ಧಾರ ಮಾಡಿ ಎಂದರು.

ವಿಷಯ ಚಾಳಿಗೆಲ್ಲ ಹೇಗೋ ಗೊತ್ತಾಯಿತು. ಗಂಗವ್ವ ಹೌಹಾರಿ ಬಂದಳು. "ಕರಳ ಸಣ್ಣದ ಮಾಡ್ತಾರಂತಲ್ರೀ! ನಮ್ಮನಿಯವ್ರ ಪ್ಯಾಂಟ ಉದ್ದ ಆದ್ರ ನಾನೂ ಹಂಗ ಮಡಚಿ ಹೊಲೀತೀನಿ. ಒಗದಮ್ಯಾಲೆ ಬಿಚ್ಚಿಕೊಂಡ್ರ ಏನ ಮಾಡ್ತಾರ?"

ಆ ಭಾನುವಾರ ಅಕ್ಕನೂ ನಾನೂ ಮುಲುಂಡಿಗೆ ಹೋದೆವು. ಆಕೆ ಸಿಂಧಿ ಹೆಂಗಸು, ಅಕ್ಕನಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಗೋಡೆಯ ಮೇಲೆ ಅವರ ಹಳೆಯ ಫೋಟೋ ಇತ್ತು. ಅದರಲ್ಲಿ ಕುರ್ಚಿ ತುಂಬಿ ಕೂತಿದ್ದರು. ಈಗ ಎದುರಿಗಿದ್ದ ಅವರ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮುಖದಲ್ಲಿ ಸುಸ್ತಿತ್ತು, ಕಣ್ಣಲ್ಲಿ ಗೆದ್ದವರ ಹೊಳಪಿತ್ತು. ಪಕೋಡ, ಮಿಠಾಯಿ ತಟ್ಟೆ ತುಂಬ ತಂದಿಟ್ಟು, "ಖಾವೋ, ಖಾವೋ. ಮೈ ಸಬ್ ಖಾತೀ ಹೂಂ" ಎಂದರು. ತಾವೂ ತಿಂದರು. ಎರಡು ಮಾತಾಡುವಷ್ಟರಲ್ಲಿ "ಏಕ್ ಮಿನಿಟ್" ಎಂದು ಎದ್ದು ಒಳಗೆ ಹೋದರು. ಸಂಡಾಸಿನ ಸರಪಳಿ ಎಳೆದ ಸದ್ದು, ನೀರು ಧುಮುಕಿದ ಸದ್ದು. ಬಂದು ಕೂತು ಮಾತು ಬಿಟ್ಟಲ್ಲಿಂದಲೇ ಹಿಡಿದರು. ಸ್ವಲ್ಪ ಹೊತ್ತಿಗೆ ಮತ್ತೆ "ಏಕ್ ಮಿನಿಟ್." ಮತ್ತೆ ಸರಪಳಿ, ಮತ್ತೆ ನೀರು.

"ಪಶ್ಚಾತ್ತಾಪ ಇದೆಯಾ?" ಎಂದು ಅಕ್ಕ ಹಿಂದಿಯಲ್ಲಿ ಕೇಳಿದಳು.

"ಬಿಲ್ಕುಲ್ ನಹೀ" ಎಂದರು ಅವರು. "ಮೊಮ್ಮಗನ್ನ ಎತ್ಕೊಂಡು ಮೆಟ್ಟಿಲು ಹತ್ತುತ್ತೇನೆ. ಇನ್ನೇನು ಬೇಕು? ಬರೀ ಇದೊಂದು" ಎಂದು ಒಳಗಿನ ಬಾಗಿಲ ಕಡೆ ಕೈ ತೋರಿಸಿ, ಮೂರನೆಯ ಸಲ ಎದ್ದರು.

ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರ ಕಣ್ಣ ಮುಂದೆಯೂ ಬಂದದ್ದು ಒಂದೇ: ನಮ್ಮ ಗ್ಯಾಲರಿಯ ಕೊನೆ. ಬೆಳಿಗ್ಗೆ ಅಲ್ಲಿ ಜನ ಸಾಲು ನಿಲ್ಲುತ್ತಿರಲಿಲ್ಲ, ಡಬ್ಬಗಳು ನಿಲ್ಲುತ್ತಿದ್ದವು. ಪ್ರತಿ ಮನೆಗೂ ಒಂದು ತಗಡಿನ ಡಬ್ಬ. ಎದ್ದ ಕೂಡಲೇ ಯಾರೋ ಒಬ್ಬರು ಹೋಗಿ ಅದನ್ನು ಸಾಲಿನಲ್ಲಿಟ್ಟು ಬಂದರೆ ನಂಬರ್ ಹಿಡಿದ ಹಾಗೆ. ಯಾವ ಡಬ್ಬ ಯಾರದು ಎಂದು ಎಲ್ಲರಿಗೂ ಗೊತ್ತು. ಡಬ್ಬವನ್ನು ಹಿಂದೆ ಮುಂದೆ ಮಾಡುವ ಪಾಪವನ್ನು ಭಾಂಡುಪ್‌ನ ಪುಂಡರೂ ಮಾಡುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬೆಳಿಗ್ಗೆ ಮಾತ್ರ. ಅಲ್ಲಿ "ಏಕ್ ಮಿನಿಟ್" ಎಂಬುದು ಇರಲಿಲ್ಲ. ಸರ್ಜನ್ ನಮ್ಮನ್ನು ಏನೆಲ್ಲ ಕೇಳಿದ್ದರು, ಅಮ್ಮನ ಸಾವು, ಮುಟ್ಟು, ಹೆರಿಗೆ, ನಿದ್ದೆ. ಮನೆಯಲ್ಲಿ ಸಂಡಾಸು ಇದೆಯೇ ಎಂದು ಅವರು ಕೇಳಿರಲಿಲ್ಲ. ಹೇಳಬೇಕೆಂದು ನಮಗೂ ತೋಚಿರಲಿಲ್ಲ.

ವಾಪಸ್ ಬರುವಾಗ ಲೋಕಲ್‌ನಲ್ಲಿ ಕಂಬ ಹಿಡಿದು ನಿಂತ ಅಕ್ಕನಿಗೆ ತಡೆಯಲಾಗದ ನಗು ಬಂತು. "ನಾಲ್ಕು ಡಬ್ಬ ಇಡಬೇಕಾಗುತ್ತೆ ಕಣೇ ಲಲ್ಲಿ. ಒಂದು ನಂದು, ಒಂದು ಇವರದು, ಒಂದು ನಿಂದು, ಒಂದು ಉಷಾದು, ಎಲ್ಲಾ ನನಗೇ!" ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆ ನೀರು ಯಾವಾಗ ನಗುವಿನದಾಗಿರುವುದು ನಿಂತಿತು ಎಂದು ನನಗೆ ತಿಳಿಯಲಿಲ್ಲ.

ಅಂದಿನ ಊಟದ ಹೊತ್ತಿನ ಮಾತನ್ನು ಸರಿಯಾಗಿ ನೆನಪಿಟ್ಟುಕೊಂಡಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲವೇನೋ. ಅದಕ್ಕೆ ಮುಂಚಿನ ಒಂದು ಸಂಗತಿ ಹೇಳಬೇಕು. ಚಾಳು ಬಿಟ್ಟು ಮುಲುಂಡಿನಲ್ಲಿ ಒಂದು ಬ್ಲಾಕ್, ಅಂದರೆ ಒಳಗೇ ಸಂಡಾಸಿರುವ ಫ್ಲಾಟ್, ಮಾಡಬೇಕೆಂದು ಅಕ್ಕ ಮದುವೆಯಾದಾಗಿನಿಂದ ಕೇಳುತ್ತಿದ್ದಳು. ಭಾವ ಒಳ್ಳೆಯವರು, ಆದರೆ ಇಟ್ಟ ಜಾಗದಿಂದ ಅಲುಗಾಡದ ಮನುಷ್ಯ. "ಇಲ್ಲೇನು ಕಮ್ಮಿಯಾಗಿದೆ? ಭೋಂಗಾ ಕೂಗಿದ್ರೆ ಮನೆ" ಎಂದು ಪ್ರತಿ ವರ್ಷವೂ ಅದೇ ಉತ್ತರ. ಅಂಥವರ ತಟ್ಟೆಗೆ ದೂಧಿ ಬಡಿಸುತ್ತಾ ಅಕ್ಕ ಎರಡು ಮಾತು ಹೇಳಿದಳು. ಒಂದು, "ನಾನು ಆಪರೇಷನ್ ಮಾಡಿಸ್ಕೋತೀನಿ." ಇನ್ನೊಂದು, "ಈ ಮನೇಲಿದ್ದುಕೊಂಡು ಆಗಲ್ಲ." ಎರಡೂ ನನ್ನ ಕಿವಿಯಲ್ಲಿವೆ. ಯಾವುದನ್ನು ಮೊದಲು ಹೇಳಿದಳು ಎಂಬುದು ಮಾತ್ರ ನೆನಪಿಲ್ಲ. ಭಾವ ತಟ್ಟೆ ಮುಗಿಸಿ ಎದ್ದರು. ಕೈ ತೊಳೆದು ಗ್ಯಾಲರಿಗೆ ಹೋಗಿ ಕಟಾಂಜನ ಹಿಡಿದು ನಿಂತರು.

ನಮ್ಮ ಮನೆಯ ಡಬ್ಬ ಇಟ್ಟು ಬರುವ ಕೆಲಸ ಭಾವನದು. ಮರುದಿನದಿಂದ ಅವರು ಇಟ್ಟು ಬರುತ್ತಿರಲಿಲ್ಲ. ಅಲ್ಲೇ, ಸಾಲಿನ ಪಕ್ಕ, ಕೈಕಟ್ಟಿ ನಿಂತು ಡಬ್ಬಗಳನ್ನು ನೋಡುತ್ತಿದ್ದರು. "ಏನ್ರೀ ಸಾಹೇಬ್ರ, ಡಬ್ಬಿ ಕಾಯಾಕ ನೌಕರಿ ಹಿಡದೀರೇನು?" ಎಂದು ಗಂಗವ್ವ ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು. ಹಾಗೆ ಎಷ್ಟೋ ದಿನ ನಿಂತ ಮೇಲೆ ಒಂದು ಭಾನುವಾರ ತಿಂಡಿ ತಿಂದು ಎಲ್ಲಿಗೆಂದು ಹೇಳದೆ ಹೋದರು. ಮಧ್ಯಾಹ್ನ ಬೆವರಿಳಿಸಿಕೊಂಡು ಬಂದರು.

"ಮುಲುಂಡಲ್ಲಿ ಒಂದು ಬ್ಲಾಕ್ ನೋಡಿ ಬಂದೆ" ಎಂದರು. "ನೆಲಮಹಡಿ. ಮೆಟ್ಟಿಲಿಲ್ಲ. ಒಳಗೇ ಇದೆ."

"ಏನು ಒಳಗೇ ಇದೆ?" ಎಂದಳು ಅಕ್ಕ.

ಭಾವ ನನ್ನ ಕಡೆ ನೋಡಿ ಸಂಕೋಚದಿಂದ, "ಅದೇ" ಎಂದರು. "ಸರಪಳಿ ಎಳೆದೂ ನೋಡಿದೆ. ನೀರು ಬರುತ್ತೆ."

ಆ ಹೆಂಗಸಿನ ಮನೆಯ ಸರಪಳಿಯ ವಿಷಯವನ್ನು ಅಕ್ಕ ಅವರಿಗೆ ಹೇಳಿದ್ದಳೇ? ಹೇಳಿರಬೇಕು. ನಾಚಿಕೆಯ ಆ ಮನುಷ್ಯ ಅಪರಿಚಿತರ ಬ್ಲಾಕಿನಲ್ಲಿ, ಬ್ರೋಕರನ ಎದುರು ಸರಪಳಿ ಎಳೆದು ನಿಂತ ಚಿತ್ರ ನೆನೆದರೆ ಈಗಲೂ ನನ್ನ ಎದೆ ತುಂಬಿ ಬರುತ್ತದೆ.

ದೀಪಾವಳಿ ಕಳೆದು ಚಳಿ ಕಾಣಿಸಿಕೊಂಡಾಗ ಮುಲುಂಡಿಗೆ ಬಂದೆವು. ಡಬ್ಬವನ್ನು ಗಂಗವ್ವನಿಗೆ ಕೊಟ್ಟೆವು. "ಟೀಚರ ಡಬ್ಬಿ ಅಂದ್ರ ಮುಂದ ಬಿಡ್ತಾರ್ರೀ, ನನಗ ಲಾಭ" ಎಂದು ಅದನ್ನು ಸೊಂಟಕ್ಕೆ ಒತ್ತಿಕೊಂಡು ಅತ್ತಳು. ಹೊಸ ಮನೆಗೆ ಬಂದ ಮೊದಲ ಬೆಳಿಗ್ಗೆ ಅಕ್ಕ ಬಚ್ಚಲಿಗೆ ಹೋದವಳು ಹೊರಗೆ ಬರಲೇ ಇಲ್ಲ. ಗಾಬರಿಯಾಗಿ ಬಾಗಿಲು ಬಡಿದೆ.

"ಏನಾಯ್ತೇ ಅಕ್ಕ?"

"ಏನಿಲ್ಲ. ಸುಮ್ಮನೆ ಇದ್ದೀನಿ. ಯಾರೂ ಕಾಯ್ತಾ ಇಲ್ಲವಲ್ಲ."

ಅವಳ ಮಾತಿನಲ್ಲಿ ಅಂಥ ನೆಮ್ಮದಿಯನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ. ಆ ದಿನಗಳೆಲ್ಲ ಹಾಗೇ ಇದ್ದವು. ಬೆಳಿಗ್ಗೆ ಬೆಟ್ಟದ ಕಡೆಯಿಂದ ತಂಪುಗಾಳಿ. ಅಕ್ಕ ಸ್ಟೇಷನ್ನಿಗೆ ನಡೆದೇ ಹೋಗುತ್ತಿದ್ದಳು. ಭಾವನ ಮಧ್ಯಾಹ್ನದ ಊಟ ಟಿಫಿನ್ ಡಬ್ಬಿಯ ಪಾಲಾಯಿತು, ಅವರು ಒಂದು ಸಲವೂ ಗೊಣಗಲಿಲ್ಲ.

ಆಸ್ಪತ್ರೆಗೆ ಸೇರುವ ದಿನ ಬಂತು. ಬಟ್ಟೆಯ ಚೀಲ ಹಿಡಿದು ನಾವು ಮೂವರೂ ಹೋದೆವು. ರೈಲಿನಲ್ಲಿ ಅಕ್ಕ ನಿಂತೇ ಇದ್ದಳು. ಸರ್ಜನ್ ಅವಳನ್ನು ಪರೀಕ್ಷಿಸಿ, ಕೊನೆಯದಾಗಿ, "ನಿಮ್ಮ ಮನಸ್ಸು ಗಟ್ಟಿಯಿದೆಯೇ?" ಎಂದು ಕೇಳಿದರು. ಅಕ್ಕ ಕೈಯಲ್ಲಿದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

"ಒಂದು ವರ್ಷ ಬಿಟ್ಟು ಬಂದರೆ ನೀವು ಇರ್ತೀರಾ ಡಾಕ್ಟರ್?" ಎಂದಳು.

"ಇರುತ್ತೇನೆ."

"ಹಾಗಾದ್ರೆ ಒಂದು ವರ್ಷ ಬಿಟ್ಟು ಬರ್ತೀನಿ."

ನಾನು ಬೆಚ್ಚಿಬಿದ್ದೆ. ಸರ್ಜನ್ ಬೇಸರಪಡಲಿಲ್ಲ. ಯೋಚಿಸಿ ಬೇಡ ಎನ್ನುವವರ ಬಗ್ಗೆ ನನಗೆ ಚಿಂತೆಯಿಲ್ಲ, ಯೋಚಿಸದೆ ಹೂಂ ಎನ್ನುವವರದೇ ಚಿಂತೆ ಎಂದರು. ಸಕ್ಕರೆಗೆ ಮಾತ್ರೆ ಬರೆದರು, ಆಗಾಗ ಬಂದು ತೋರಿಸಿ ಎಂದರು. ಅಕ್ಕ ತಪ್ಪದೆ ಹೋಗಿ ತೋರಿಸಿದಳು. ಆಪರೇಷನ್ ವಿಷಯ ಅವಳೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಆ ಬಗೆಯ ಆಪರೇಷನ್ನನ್ನು ಆಮೇಲೆ ಬಿಟ್ಟೇಬಿಟ್ಟರು ಎಂದು ಎಲ್ಲೋ ಓದಿದ ನೆನಪು. ಆದರೆ ಇದು ಅಂದು ನಮಗಾರಿಗೂ ಗೊತ್ತಿರಲಿಲ್ಲ. ಮೊದಲೇ ಗೊತ್ತಿದ್ದವರ ಹಾಗೆ ಈಗ ಬರೆದರೆ ಅದು ಸುಳ್ಳಾಗುತ್ತದೆ. ಆ ಸಿಂಧಿ ಹೆಂಗಸು ಮೊಮ್ಮಗನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ್ದೂ ನಿಜವೇ.

ಆಸ್ಪತ್ರೆಯ ಗೇಟಿನಲ್ಲಿ ಭಾವ ನಿಂತುಬಿಟ್ಟರು. ಮುಖದಲ್ಲಿ ಸಮಾಧಾನವೂ ಗೊಂದಲವೂ ಒಟ್ಟಿಗೇ ಇದ್ದವು.

"ಮತ್ತೆ ಮನೆ?" ಎಂದರು.

"ಮನೆ ಇರಲಿ" ಎಂದಳು ಅಕ್ಕ.

ವಾಪಸ್ಸಿನ ಲೋಕಲ್‌ನಲ್ಲಿ ಭಾವ ಗಂಡಸರ ಡಬ್ಬಿಗೆ ಹೋದರು. ನಾವು ಲೇಡೀಸ್ ಹತ್ತಿದೆವು. ಬೆಂಚಿನಲ್ಲಿ ಮೂವರು ಕೂತಿದ್ದರು. ಅಕ್ಕ ಅವರ ಮುಂದೆ ಹೋಗಿ ನಿಂತು, ಚೀಲ ನನ್ನ ಕೈಗೆ ಕೊಟ್ಟು, "ಜರಾ ಸರಕೋ ನಾ, ಬೆಹನ್" ಎಂದಳು. ಮೂವರೂ ಒಮ್ಮೆ ಅವಳನ್ನು, ಒಮ್ಮೆ ಬೆಂಚನ್ನು ನೋಡಿದರು. ಆಮೇಲೆ ಸರಿದರು. ಅಕ್ಕ ಕೂತಳು. ಕಿಟಕಿಯ ಪಕ್ಕದವಳು "ಅಗ ಬಾಯೀ!" ಎಂದು ನರಳಿ ನಕ್ಕಳು. ಅಕ್ಕನೂ ನಕ್ಕಳು. ಮುಲುಂಡ್ ಬರುವವರೆಗೂ ಏಳಲಿಲ್ಲ.

ಅಕ್ಕ ತೆಳ್ಳಗಾಗಲಿಲ್ಲ. ನಡೆದು ನಡೆದು ಒಂದಿಷ್ಟು ಇಳಿದಳು, ಅಷ್ಟೇ. ಸಕ್ಕರೆ ಅವಳ ಜೊತೆಗೇ ಮುದಿಯಾಯಿತು. ಅಮ್ಮನ ವಯಸ್ಸನ್ನು ಅವಳು ದಾಟಿದ ವರ್ಷ ನನಗೆ ಫೋನು ಮಾಡಿ, "ದಾಟಿದೆ ಕಣೇ" ಎಂದಷ್ಟೇ ಹೇಳಿ ಇಟ್ಟಿದ್ದಳು. ಈಗ ಎಂಬತ್ತು ದಾಟಿದ್ದಾಳೆ. ಭಾವ ಹೋಗಿ ಕೆಲವು ವರ್ಷವಾಯಿತು. ಮನೆ ಅದೇ, ಸರಪಳಿಯ ಜಾಗದಲ್ಲಿ ಒತ್ತುವ ಗುಂಡಿ ಬಂದಿದೆ.

ನೇಹಾಗೆ ನಾನು ಇಷ್ಟನ್ನೂ ಹೇಳಿದೆ. ಈಗಿನ ಆಪರೇಷನ್ ಬೇರೆ, ನಿನ್ನ ಡಾಕ್ಟರು ಬೇರೆ, ಅಜ್ಜಿಯ ಕಥೆ ಕೇಳಿ ಹೂಂ ಅನ್ನಲೂ ಬೇಡ, ಬೇಡ ಅನ್ನಲೂ ಬೇಡ ಎಂದೆ. ಅವಳು ದೂಧಿಯ ಪಾತ್ರೆ ಕೆಳಗಿಳಿಸುತ್ತಾ, "ಲೇಕಿನ್ ಅಜ್ಜಿ ಲಾಸ್ಟ್ ಮೇ ನಾ ಕ್ಯೂಂ ಬೋಲೀ? ಡರ್ ಗಯೀ?" ಎಂದಳು. ಕೊನೆಗೆ ಬೇಡ ಅಂದದ್ದು ಯಾಕೆಂದು ನನಗೆ ಗೊತ್ತಿಲ್ಲವೆಂದೆ. ನಿಜಕ್ಕೂ ಗೊತ್ತಿರಲಿಲ್ಲ. ಭಾವ ಇರುವವರೆಗೆ ಕೇಳುವ ಮಾತಲ್ಲ ಎಂದು ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದೆ.

ಒಳಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂತೆ. ಅಕ್ಕ ಸ್ವಲ್ಪವೂ ಸರಿಯಲಿಲ್ಲ.

"ಅಕ್ಕ, ನಿಜ ಹೇಳು. ಆವತ್ತು ಹೆದರಿ ವಾಪಸ್ ಬಂದೆಯಾ? ಇಲ್ಲಾ, ಭಾವ ಈ ಮನೆ ಮಾಡಲಿ ಅಂತಲೇ ಆಪರೇಷನ್ನಿಗೆ ಹೂಂ ಅಂದಿದ್ದೆಯಾ?"

ಹೂಬತ್ತಿ ಹೊಸೆಯುತ್ತಿದ್ದ ಬೆರಳು ನಿಂತವು. ಅವಳು ನನ್ನನ್ನು ನೋಡಿದಳು, ಗೋಡೆಯ ಮೇಲಿನ ಭಾವನ ಫೋಟೋ ನೋಡಿದಳು.

"ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ತಾ ಇದೆ ಕಣೇ ಲಲ್ಲಿ" ಎಂದಳು. "ಹೋಗಿ ನೋಡು."

ಹೋಗಿ ನೋಡಿದೆ. ಒಂದು ಹನಿಯೂ ಬೀಳುತ್ತಿರಲಿಲ್ಲ.